ವರ್ಷಕ್ಕೆ ಮೂರು ಸಲ ಹೊಸದಾಗುವ ಹಾಲ್

ನಮ್ಮ ಹಾಲ್ 14 ಅಡಿ ಉದ್ದ, 10 ಅಡಿ ಅಗಲ. ದಕ್ಷಿಣಕ್ಕೆ ಕಿಟಕಿ, ಪೂರ್ವಕ್ಕೆ ಬಾಗಿಲು. ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಸಿಗುವ ಹಾಲ್ ಇಂಥದ್ದೇ. ಅದರೊಳಗೆ ಮೂರು ಸೀಟಿನ ಸೋಫಾ, ದಿವಾನ, ಎರಡು ಬೆತ್ತದ ಕುರ್ಚಿ, ಟೀಪಾಯಿ, ಪುಸ್ತಕದ ಕಪಾಟು, ಟಿವಿ ಸ್ಟ್ಯಾಂಡು, ಮೂಲೆಯಲ್ಲೊಂದು ಕಬ್ಬಿಣದ ಬೀರು. ಈ ಸಾಮಾನುಗಳನ್ನೇ ವರ್ಷಕ್ಕೆ ಮೂರು ಸಲ ಜಾಗ ಬದಲಿಸಿ ಜೋಡಿಸುತ್ತೇವೆ: ಯುಗಾದಿಗೆ ಮುಂಚೆ ಒಂದು ಸಲ, ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ದಸರೆಗೆ ವಾರ ಇರುವಾಗ ಇನ್ನೊಂದು ಸಲ. ಹೊಸದಾಗಿ ಕೊಳ್ಳುವುದು ಬಹಳ ಕಡಿಮೆ. ಬಟ್ಟೆ, ಬೆಳಕು, ಜಾಗ ಈ ಮೂರು ಬದಲಾದರೆ ಕೋಣೆಯೇ ಬೇರೆಯಾಗುತ್ತದೆ.

ಆದರೆ ಹೀಗೆ ಬದಲಿಸುತ್ತ ಹೋಗುವ ಸಂತೋಷ ಉಳಿಯಬೇಕಾದರೆ, ಈ ಸಲ ಮಾಡಿದ್ದು ಮುಂದಿನ ಸಲಕ್ಕೆ ಅಡ್ಡ ಬರಬಾರದು. ಗೋಡೆಯಲ್ಲಿ ತೂತು, ನೆಲದಲ್ಲಿ ಗೀರು, ಎಳೆದಾಡಿ ಸಡಿಲಾದ ಕಾಲು ಇವೆಲ್ಲ ಸೇರುತ್ತ ಹೋದರೆ ಎರಡೇ ವರ್ಷಕ್ಕೆ ಸಾಮಾನು ಮುಟ್ಟುವುದಕ್ಕೇ ಭಯವಾಗುತ್ತದೆ. ಮಾಡಿದ್ದನ್ನೆಲ್ಲ ಒಂದು ಮಧ್ಯಾಹ್ನದೊಳಗೆ ಮೊದಲಿನಂತೆ ಮಾಡುವ ಹಾಗಿರಬೇಕು. ಮುಂದೆ ಹೇಳುವ ಕೆಲಸಗಳೆಲ್ಲ ಆ ಒಂದು ಲೆಕ್ಕದ ಮೇಲೆ ನಿಂತಿವೆ.

ಮೂರು ಸಲ ಯಾಕೆ ಎಂದರೆ, ಮೊದಲ ಕಾರಣ ಬಿಸಿಲು. ಬೆಂಗಳೂರಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನ ಅವನಿರುವುದು ಉತ್ತರದ ಕಡೆಗೆ. ಹಾಗಾಗಿ ಮೇ, ಜೂನ್ ತಿಂಗಳಲ್ಲಿ ದಕ್ಷಿಣದ ಕಿಟಕಿಯಿಂದ ಮಧ್ಯಾಹ್ನದ ನೇರ ಬಿಸಿಲು ಬರುವುದೇ ಇಲ್ಲ. ಸೋಫಾವನ್ನು ಆ ಕಿಟಕಿಯ ಕೆಳಗೇ ಹಾಕಬಹುದು, ಗಾಳಿಯೂ ಸಿಗುತ್ತದೆ. ಡಿಸೆಂಬರಿನಲ್ಲಿ ಎಲ್ಲ ತಿರುಗುಮುರುಗು. ಆಗ ನಡುಮಧ್ಯಾಹ್ನವೂ ಸೂರ್ಯನ ಎತ್ತರ 54 ಡಿಗ್ರಿಗಿಂತ ಸ್ವಲ್ಪ ಕಡಿಮೆಯೇ. ಕಿಟಕಿಯ ಮೇಲಂಚು ನೆಲದಿಂದ 7 ಅಡಿ ಇದ್ದು ಹೊರಗೆ ಸಜ್ಜಾ ಇಲ್ಲದಿದ್ದರೆ ಬಿಸಿಲು 5 ಅಡಿ ಒಳಗೆ ಬರುತ್ತದೆ. ಒಂದೂವರೆ ಅಡಿಯ ಸಜ್ಜಾ ಇದ್ದರೂ ಮೂರೂವರೆ ಅಡಿ. ಕಿಟಕಿಗೆ ಒರಗಿದ ಸೋಫಾದ ಬಟ್ಟೆ ಒಂದು ಚಳಿಗಾಲ ಹೀಗೆ ಬಿಸಿಲು ತಿಂದರೆ ಒಂದು ಪಕ್ಕ ಮಾತ್ರ ಬಣ್ಣ ಬಿಟ್ಟು ನಿಲ್ಲುತ್ತದೆ, ಆಮೇಲೆ ಅದನ್ನು ಎಲ್ಲಿ ತಿರುಗಿಸಿ ಹಾಕಿದರೂ ಎದ್ದು ಕಾಣುತ್ತದೆ. ಆದ್ದರಿಂದ ದಸರೆಯ ಹೊತ್ತಿಗೆ ಸೋಫಾ ಒಳಗೋಡೆಗೆ, ಬೆತ್ತದ ಕುರ್ಚಿಗಳು ಕಿಟಕಿಗೆ.

ಸಾಮಾನು ಸರಿಸುವ ಮುಂಚೆ ಕಾಗದದಲ್ಲಿ ಸರಿಸಬೇಕು. ಗ್ರಾಫ್ ಹಾಳೆಯಲ್ಲಿ ಒಂದು ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಹಾಲ್ ಬರೆದು, ಪ್ರತಿ ಸಾಮಾನಿಗೂ ಅದೇ ಅಳತೆಯ ರಟ್ಟಿನ ತುಂಡು ಕತ್ತರಿಸಿಟ್ಟರೆ ಹತ್ತು ನಿಮಿಷದಲ್ಲಿ ಹತ್ತು ಜೋಡಣೆ ನೋಡಬಹುದು. ಬಾಗಿಲು ತೆರೆಯುವ ಕಡೆ, ಸ್ವಿಚ್‌ಬೋರ್ಡು, ಟಿವಿ ಕೇಬಲ್ ಬರುವ ಜಾಗ, ಬೀರುವಿನ ಬಾಗಿಲು ತೆರೆದಾಗ ಮುಂದೆ ಬೇಕಾಗುವ ಒಂದೂವರೆ ಅಡಿ, ಇಷ್ಟನ್ನೂ ಆ ಹಾಳೆಯಲ್ಲಿ ಗುರುತು ಹಾಕಲೇಬೇಕು. ಹೆಚ್ಚಿನವರು ಮರೆಯುವುದು ಬಾಗಿಲು ತೆರೆಯುವ ಜಾಗವನ್ನು. ಒಂದು ಜೋಡಣೆ ಒಪ್ಪಿಗೆಯಾಯಿತೆಂದ ಮೇಲೆ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ, ಸಾಮಾನಿನ ನಿಜವಾದ ಅಳತೆಗೆ ಕತ್ತರಿಸಿ, ನೆಲದ ಮೇಲೆ ಹಾಸಿ ಒಂದು ಸಂಜೆ ಅದರ ಸುತ್ತ ಓಡಾಡಿ. ನಡೆಯುವ ದಾರಿಗೆ ಎರಡೂವರೆ ಅಡಿ ಬೇಕು. ಸೋಫಾಕ್ಕೂ ಟೀಪಾಯಿಗೂ ನಡುವೆ 16ರಿಂದ 18 ಇಂಚು: ಇದಕ್ಕಿಂತ ಕಡಿಮೆಯಾದರೆ ಮೊಣಕಾಲು ತಾಗುತ್ತದೆ, ಹೆಚ್ಚಾದರೆ ಕಾಫಿ ಲೋಟ ಇಡಲು ಬಗ್ಗಬೇಕಾಗುತ್ತದೆ. 43 ಇಂಚಿನ ಟಿವಿಯಾದರೆ ಕೂರುವ ಜಾಗ ಐದೂವರೆ ಅಡಿಯಿಂದ 9 ಅಡಿಯೊಳಗೆ ಇದ್ದರೆ ಕಣ್ಣಿಗೆ ಹಿತ.

ಇನ್ನು ಎತ್ತಿಡುವ ಕೆಲಸ. ಇಲ್ಲೇ ಹೆಚ್ಚು ಹಾಳಾಗುವುದು.

ಕಬ್ಬಿಣದ ಬೀರು ಸಾಮಾನ್ಯವಾಗಿ ಆರೂವರೆ ಅಡಿ ಎತ್ತರ, 3 ಅಡಿ ಅಗಲ. ಅದನ್ನು ಪೂರ್ತಿ ಖಾಲಿ ಮಾಡಿಯೇ ಸರಿಸಬೇಕು. ಒಳಗಿನ ಲಾಕರ್ ಒಂದು ಪಕ್ಕಕ್ಕಿರುವುದರಿಂದ ಖಾಲಿಯಾಗಿದ್ದಾಗಲೂ ಭಾರ ಒಂದು ಕಡೆಗೆ ವಾಲುತ್ತದೆ. ಬಾಗಿಲಿಗೆ ಬೀಗ ಹಾಕಿ, ಒಬ್ಬರು ಹಿಂದಕ್ಕೆ ಎರಡೇ ಇಂಚು ವಾಲಿಸಬೇಕು, ಇನ್ನೊಬ್ಬರು ಮುಂದಿನ ಕಾಲುಗಳ ಕೆಳಗೆ ಮಡಿಸಿದ ಗೋಣಿತಟ್ಟು ತೂರಿಸಬೇಕು. ಆಮೇಲೆ ಮುಂದಕ್ಕೆ ವಾಲಿಸಿ ಹಿಂದಿನ ಕಾಲಿಗೂ ಹಾಗೆಯೇ. ತಳ್ಳುವಾಗ ಕೈ ಸೊಂಟಕ್ಕಿಂತ ಕೆಳಗಿರಲಿ. ಮೇಲೆ ಕೈಯಿಟ್ಟು ತಳ್ಳಿದರೆ ಟೈಲ್ಸಿನ ಸಂದಿನಲ್ಲಿ ಕಾಲು ಸಿಕ್ಕಿಕೊಂಡ ಗಳಿಗೆಯಲ್ಲೇ ಬೀರು ಮಗುಚುತ್ತದೆ. ಕಾವಿ ನೆಲವಿದ್ದರೆ ಗೋಣಿಯ ಬದಲು ಹಳೆಯ ಕಂಬಳಿಯೇ ಬೇಕು, ಗೋಣಿಯಲ್ಲಿ ಸಿಕ್ಕಿದ ಒಂದು ಮರಳಿನ ಕಾಳು ಸಾಕು ನೆಲದ ಉದ್ದಕ್ಕೂ ಗೆರೆ ಎಳೆಯಲು.

ಹೊಸ ಜಾಗದಲ್ಲಿ ಬೀರುವಿನ ಬಾಗಿಲು ಸರಿಯಾಗಿ ಮುಚ್ಚದೆ ಹೋಗುವುದು ಮಾಮೂಲು. ಬೀರು ಕೆಟ್ಟಿತೆಂದುಕೊಳ್ಳಬೇಡಿ. ನೆಲ ಎಲ್ಲ ಕಡೆ ಸಮವಾಗಿರುವುದಿಲ್ಲ. ಒಂದು ಕಾಲು ತುಸು ತಗ್ಗಾದರೆ ಇಡೀ ಪೆಟ್ಟಿಗೆ ಓರೆಯಾಗಿ ಎರಡು ಬಾಗಿಲು ಒಂದರ ಮೇಲೊಂದು ಬರುತ್ತವೆ. ಮುಂದಿನ ಒಂದು ಕಾಲಿನ ಕೆಳಗೆ ಹಳೆಯ ಚಪ್ಪಲಿಯ ರಬ್ಬರಿನ ತೆಳು ತುಂಡು ಇಟ್ಟು ನೋಡಿ. ಸಂದು ಇನ್ನೂ ಹೆಚ್ಚಾದರೆ ಅದನ್ನು ತೆಗೆದು ಇನ್ನೊಂದು ಕಾಲಿಗೆ ಇಡಿ. ಎರಡು, ಮೂರು ಮಿಲಿಮೀಟರಿನಲ್ಲೇ ಕೀಲಿ ತಿರುಗುತ್ತದೆ.

ಪೂರ್ತಿ ಎತ್ತರದ ಮರದ ಕಪಾಟನ್ನು ಮಲಗಿಸಿ ಸಾಗಿಸುವವರು ಇನ್ನೊಂದು ಲೆಕ್ಕ ಹಾಕಬೇಕು. 7 ಅಡಿ ಎತ್ತರ, 2 ಅಡಿ ಆಳದ ಕಪಾಟನ್ನು ಎಬ್ಬಿಸಿ ನಿಲ್ಲಿಸುವಾಗ ಅದರ ಮೂಲೆ 7 ಅಡಿ ಮೂರೂವರೆ ಇಂಚಿನವರೆಗೆ ಏರುತ್ತದೆ. ಅಟ್ಟದ ಕೆಳಗೆ ಎಬ್ಬಿಸಲು ಹೋದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಯಲು ಜಾಗದಲ್ಲಿ ನಿಲ್ಲಿಸಿಕೊಂಡು ಒಳಗೆ ಸರಿಸಬೇಕು.

ಪಾರ್ಟಿಕಲ್ ಬೋರ್ಡಿನ ಟಿವಿ ಸ್ಟ್ಯಾಂಡು, ಪುಸ್ತಕದ ಕಪಾಟುಗಳನ್ನು ಎಳೆಯುವಂತಿಲ್ಲ, ಎತ್ತಲೇಬೇಕು. ಅವುಗಳ ಹಲಗೆಗಳನ್ನು ಹಿಡಿದಿರುವುದು ಒಳಗಿನ ಸಣ್ಣ ತಿರುಗು ಲಾಕುಗಳು. ಎಳೆದಾಗ ಮೇಲಿನ ಭಾಗ ಮುಂದೆ ಹೋಗುತ್ತದೆ, ಕೆಳಗಿನದು ಹಿಂದುಳಿಯುತ್ತದೆ. ಆ ತಿರುಚಿನಲ್ಲಿ ಲಾಕಿನ ಸುತ್ತಲ ಪುಡಿಮರ ಉದುರುತ್ತದೆ. ಒಮ್ಮೆ ಉದುರಿದ ತೂತಿಗೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಹಾಕಿದರೆ ತಿಂಗಳೂ ತಡೆಯುವುದಿಲ್ಲ. ತೂತನ್ನು 8 ಮಿಲಿಮೀಟರಿಗೆ ದೊಡ್ಡದು ಮಾಡಿ, ಅದೇ ದಪ್ಪದ ಮರದ ಗೂಟಕ್ಕೆ ಫೆವಿಕಾಲ್ ಸವರಿ ಬಡಿದು, ಒಂದು ಇಡೀ ದಿನ ಒಣಗಲು ಬಿಟ್ಟು, ಆ ಗೂಟದ ನಡುವೆ ಹೊಸದಾಗಿ ಸಣ್ಣ ತೂತು ಕೊರೆದು ಸ್ಕ್ರೂ ಹಾಕಬೇಕು. ಪದೇ ಪದೇ ಜಾಗ ಬದಲಿಸುವ ಮನೆಗೆ ಈ ಥರದ ಸಾಮಾನು ಒಗ್ಗುವುದಿಲ್ಲ. ಕೊಳ್ಳುವುದಾದರೆ ಹಳೆಯ ಸಾಗುವಾನಿ ಅಥವಾ ಹೊನ್ನೆಯ ಸೆಕೆಂಡ್ ಹ್ಯಾಂಡ್ ಸಾಮಾನೇ ಮೇಲು. ಸಡಿಲಾದ ಸಂದನ್ನು ಬಡಗಿಗಳು ಬಿಚ್ಚಿ ಮತ್ತೆ ಅಂಟಿಸಿಕೊಡಬಲ್ಲರು.

ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆಗಳು ನಮ್ಮ ಕಡೆಯ ಮನೆಗಳಲ್ಲಿ ನಿಲ್ಲುವುದಿಲ್ಲ. ದಿನಾ ನೆಲ ಒರೆಸುತ್ತೇವೆ, ನೀರಿಗೆ ಅಂಟು ಬಿಡುತ್ತದೆ, ಬಿಲ್ಲೆ ಓರೆಯಾಗಿ ಅಂಟು ಹೊರಬಂದು ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ಮೊಳೆ ಇರುವ ಪ್ಲಾಸ್ಟಿಕ್ ಬಿಲ್ಲೆ, ಅಥವಾ ದುಂಡು ಕಾಲಾದರೆ ಹೊರಗಿನಿಂದ ತೊಡಿಸುವ ರಬ್ಬರ್ ಬುಷ್ ಬಾಳಿಕೆ ಬರುತ್ತವೆ. ದಿವಾನಕ್ಕೆ ಗಾಲಿ ಹಾಕಿಸಿದರೆ ಇನ್ನೂ ಸುಲಭ. 2 ಇಂಚಿನವು, ಎರಡಕ್ಕಾದರೂ ಬ್ರೇಕ್ ಇರಲಿ. ಗಾಲಿ ತಡೆಯುವ ತೂಕವನ್ನು ನಾಲ್ಕರ ಲೆಕ್ಕದಲ್ಲಿ ನೋಡಬೇಡಿ, ಮೂರರ ಲೆಕ್ಕದಲ್ಲಿ ನೋಡಿ. ಏರುಪೇರಿನ ನೆಲದಲ್ಲಿ ಯಾವಾಗಲೂ ಒಂದು ಗಾಲಿ ಗಾಳಿಯಲ್ಲೇ ಇರುತ್ತದೆ.

ಬೆತ್ತದ ಕುರ್ಚಿಗಳ ಕೆಲಸಕ್ಕೆ ಯುಗಾದಿಯ ಮುಂಚಿನ ದಿನಗಳೇ ಸರಿ. ಎರಡು ವರ್ಷ ಕೂತರೆ ಬೆತ್ತದ ಜಾಲರಿ ನಡುವೆ ಜೋಲು ಬೀಳುತ್ತದೆ. ಎಳೆ ಎಲ್ಲೂ ತುಂಡಾಗಿಲ್ಲದಿದ್ದರೆ ಹೊಸದಾಗಿ ಹೆಣೆಸಬೇಕಾಗಿಲ್ಲ. ಕುರ್ಚಿಯನ್ನು ಬೋರಲು ಹಾಕಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಟವೆಲನ್ನು ಜಾಲರಿಯ ಅಡಿಮೈಗೆ ಹೊದಿಸಿ ಅರ್ಧ ಗಂಟೆ ಬಿಡಿ. ಅಡಿಮೈಗೇ ಯಾಕೆಂದರೆ ಬೆತ್ತದ ಮೇಲ್ಮೈ ಹೊಳಪು ಸಿಪ್ಪೆ, ನೀರು ಕುಡಿಯುವುದಿಲ್ಲ. ಒಳಮೈ ನಾರು, ಅದು ಕುಡಿದು ಮೆತ್ತಗಾಗುತ್ತದೆ, ಒಣಗುವಾಗ ಕುಗ್ಗುತ್ತದೆ. ನೆರಳಿನಲ್ಲಿ ಒಂದು ರಾತ್ರಿ, ಬೇಕಾದರೆ ಒಂದು ಹಗಲೂ ಒಣಗಿಸಿ. ಅಷ್ಟರವರೆಗೆ ಯಾರೂ ಕೂರಬಾರದು. ಬೆಳಿಗ್ಗೆ ಬೆರಳಿನಿಂದ ತಟ್ಟಿದರೆ ಜಾಲರಿ ಡಬ್ ಡಬ್ ಎನ್ನುತ್ತದೆ. ಬಿಸಿಲಿಗಿಟ್ಟು ಬೇಗ ಒಣಗಿಸಿದರೆ ಬೆತ್ತ ಪೆಡಸಾಗಿ ಚೌಕಟ್ಟಿನ ಅಂಚಿನಲ್ಲಿ ಮುರಿಯುತ್ತದೆ. ಪ್ಲಾಸ್ಟಿಕ್ ಜಾಲರಿಗೆ ಈ ಉಪಾಯ ನಡೆಯುವುದಿಲ್ಲ.

ಕುರ್ಚಿಯ ಮರಕ್ಕೆ ಯಾವ ಪಾಲಿಶ್ ಆಗಿದೆ ಎಂದು ಮೊದಲು ತಿಳಿಯಬೇಕು. ಕಾಣದ ಜಾಗದಲ್ಲಿ, ಕಾಲಿನ ಒಳಬದಿಯಲ್ಲಿ, ಒಂದು ಹನಿ ಸ್ಪಿರಿಟ್ (ಪಾಲಿಶ್ ಕೆಲಸಕ್ಕೆ ಬಳಸುವ ಮದ್ಯಸಾರ) ಹಾಕಿ ನಿಮಿಷ ಬಿಟ್ಟು ಮುಟ್ಟಿ. ಬೆರಳಿಗೆ ಅಂಟಿದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್. ಅದನ್ನು ಪೂರ್ತಿ ಉಜ್ಜಿ ತೆಗೆಯದೆ ಮೇಲೆ ಅರಗು ಹಚ್ಚಬೇಡಿ. ಅರಗಿನ ಪಾಲಿಶ್ಶಿನ ದೊಡ್ಡ ಗುಣ ಎಂದರೆ ಹೊಸ ಪದರ ಹಳೆಯದನ್ನು ಕರಗಿಸಿ ಅದರೊಂದಿಗೆ ಬೆರೆತುಹೋಗುತ್ತದೆ. ಒಂದು ಕಡೆ ಗೀರು ಬಿದ್ದರೆ ಅಷ್ಟಕ್ಕೇ ಹಚ್ಚಿ ಮುಗಿಸಬಹುದು. ಸಾಮಾನು ಸರಿಸುತ್ತಲೇ ಇರುವವರಿಗೆ ಇದಕ್ಕಿಂತ ಅನುಕೂಲದ ಪಾಲಿಶ್ ಇನ್ನೊಂದಿಲ್ಲ.

ಒಂದು ಲೀಟರ್ ಸ್ಪಿರಿಟ್ಟಿಗೆ 150 ಗ್ರಾಂ ಅರಗಿನ ಚಕ್ಕೆ ಲೆಕ್ಕ. ಎರಡು ಕುರ್ಚಿಗೆ 200 ಮಿಲಿಲೀಟರಿಗೆ 30 ಗ್ರಾಂ ಸಾಕು. ಗಾಜಿನ ಬಾಟಲಿಯಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು, ಆಗಾಗ ಕುಲುಕಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಮರವನ್ನು ಮೊದಲು 180, ಆಮೇಲೆ 220 ನಂಬರಿನ ಉಪ್ಪುಕಾಗದದಿಂದ ಎಳೆಯ ಉದ್ದಕ್ಕೆ ಉಜ್ಜಿ, ಒದ್ದೆಯಲ್ಲದ ಬಟ್ಟೆಯಿಂದ ಪುಡಿ ಒರೆಸಿ. ಹಳೆಯ ಪಂಚೆಯ ತುಂಡಿನೊಳಗೆ ಹತ್ತಿಯ ಉಂಡೆ ಇಟ್ಟು ಕಟ್ಟಿದ ಪೊಟ್ಟಣ ಬ್ರಶ್‌ಗಿಂತ ಚೆನ್ನಾಗಿ ಹಚ್ಚುತ್ತದೆ. ತೊಯ್ದಿರಬೇಕು, ತೊಟ್ಟಿಕ್ಕಬಾರದು. ಉದ್ದಕ್ಕೆ ಒಂದೇ ಎಳೆತ. ಹಚ್ಚಿದ ಜಾಗಕ್ಕೆ ಒದ್ದೆ ಇರುವಾಗಲೇ ವಾಪಸು ಹೋದರೆ ಪೊಟ್ಟಣ ಅಂಟಿ ಮೇಲ್ಮೈ ಕಿತ್ತುಬರುತ್ತದೆ. ಒಂದೊಂದು ಗಂಟೆ ಬಿಟ್ಟು ಮೂರು ಕೈ ಹಚ್ಚಿ, 320ರ ಕಾಗದದಿಂದ ಹಗುರವಾಗಿ ಸವರಿ, ಮತ್ತೆ ಮೂರು ಕೈ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುವ ವಸ್ತು, ದೇವರ ದೀಪವಿರುವ ಕೋಣೆಯಲ್ಲಿ ಈ ಕೆಲಸ ಬೇಡ.

ಮಳೆಗಾಲದಲ್ಲಿ ಇದನ್ನು ಮಾಡಲೇಬಾರದು. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಪದರದೊಳಗೆ ಸೇರಿಕೊಳ್ಳುತ್ತದೆ, ಹೊಳಪಿನ ಬದಲು ಹಾಲಿನಂಥ ಬಿಳಿ ಮಂಜು ಮೂಡುತ್ತದೆ. ಬಿಸಿ ಪಾತ್ರೆ ಇಟ್ಟಾಗ ಬೀಳುವ ಬಿಳಿ ಉಂಗುರವೂ ಪದರದೊಳಗೆ ಸೇರಿದ ತೇವವೇ. ತೆಳುವಾದ ಉಂಗುರವಾದರೆ ಬರೀ ಸ್ಪಿರಿಟ್ಟಿನಲ್ಲಿ ಸ್ವಲ್ಪವೇ ನೆನೆದ ಪೊಟ್ಟಣದಿಂದ ಒಂದೆರಡು ಸಲ ಸವರಿದರೆ ಹೋಗುತ್ತದೆ.

ಗೋಡೆಯ ವಿಷಯದಲ್ಲಿ ನಮ್ಮ ನಿಲುವು ಗಟ್ಟಿ: ಚಿತ್ರಕ್ಕೊಂದು ತೂತು ಎಂಬ ಪದ್ಧತಿಯೇ ತಪ್ಪು. ಒಂದು ಗೋಡೆಗೆ 7 ಅಡಿ ಎತ್ತರದಲ್ಲಿ ಉದ್ದಕ್ಕೆ ಒಂದು ಮರದ ಪಟ್ಟಿ ಹೊಡೆದುಬಿಡಿ, ಎರಡು ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ್ದು. ಎಲ್ಲ ಚಿತ್ರಗಳೂ ಅದಕ್ಕೆ ಹಾಕಿದ ಕೊಕ್ಕೆಯಿಂದ ನೈಲಾನ್ ದಾರದಲ್ಲಿ ಇಳಿಬೀಳಲಿ. ಎಡಬಲ, ಮೇಲೆ ಕೆಳಗೆ ಹೇಗೆ ಬೇಕಾದರೂ ಬದಲಿಸಬಹುದು, ಮನೆ ಬಿಡುವಾಗ ಮುಚ್ಚಬೇಕಾದದ್ದು ಐದೇ ತೂತು. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಬೇಕೆಂಬ ಅಳತೆ ನಿಂತು ನೋಡುವವರಿಗೆ. ದಿವಾನ, ಜಮಖಾನದ ಮೇಲೆ ಕೂರುವ ಮನೆಗೆ ಅದನ್ನು ಐದಾರು ಇಂಚು ಇಳಿಸಿದರೆ ಚೆಂದ.

ಆ ಐದು ತೂತನ್ನಾದರೂ ಸರಿಯಾಗಿ ಹಾಕಿ. ಗೋಡೆಯ ಪ್ಲಾಸ್ಟರಿಂಗ್ ದಪ್ಪ 12ರಿಂದ 15 ಮಿಲಿಮೀಟರ್. ಸ್ಕ್ರೂ ಹಿಡಿಯಲು ತೂತಿನೊಳಗೆ ಕೂರಿಸುವ ಪ್ಲಗ್ 25 ಮಿಲಿಮೀಟರಿನ ಸಣ್ಣದಾದರೆ ಅದರ ಅರ್ಧ ಬರೀ ಪ್ಲಾಸ್ಟರಿನಲ್ಲಿರುತ್ತದೆ, ಭಾರ ಬಿದ್ದೊಡನೆ ಸಿಮೆಂಟಿನ ಚಕ್ಕೆಯೊಂದಿಗೆ ಕಿತ್ತುಬರುತ್ತದೆ. 6 ಮಿಲಿಮೀಟರಿನ ಬಿಟ್‌ನಿಂದ 50 ಮಿಲಿಮೀಟರ್ ಆಳ ಕೊರೆದು, ಪುಡಿ ಊದಿ ತೆಗೆದು, ಪ್ಲಗ್ಗನ್ನು ಇಟ್ಟಿಗೆಯವರೆಗೆ ಕೂರಿಸಬೇಕು. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಪಕ್ಕ ಎಂದೂ ಕೊರೆಯಬೇಡಿ, ವಯರಿನ ಪೈಪು ಅಲ್ಲೇ ಹೋಗಿರುತ್ತದೆ. ಕಿಟಕಿಯ ಮೇಲಿರುವುದು ಕಾಂಕ್ರೀಟ್ ಲಿಂಟಲ್, ಅದಕ್ಕೆ ಹ್ಯಾಮರ್ ಮೋಡ್ ಇರುವ ಡ್ರಿಲ್ ಬೇಕು. ಒಂದು ಹಂತದಲ್ಲಿ ಬಿಟ್ ಮುಂದೆ ಹೋಗದೆ ಕೀರಲು ಶಬ್ದ ಬಂದರೆ ಕಂಬಿ ಸಿಕ್ಕಿದೆ ಎಂದು ತಿಳಿದು ಒಂದು ಇಂಚು ಪಕ್ಕಕ್ಕೆ ಹೋಗಿ.

ಪರದೆಗೆ ಹಳೆಯ ಹತ್ತಿಯ ಇಳಕಲ್ ಸೀರೆಯನ್ನು ಮೀರಿಸುವ ಬಟ್ಟೆ ಕಂಡಿಲ್ಲ. ಐದೂವರೆ ಮೀಟರ್ ಸೀರೆಯನ್ನು ಅಡ್ಡಕ್ಕೆ ಕತ್ತರಿಸಿದರೆ 7 ಅಡಿಯ ಎರಡು ಪರದೆಗೆ, ಮಡಿಕೆಯ ಹೊಲಿಗೆಯೂ ಸೇರಿ, ಬಟ್ಟೆ ಸಿಗುತ್ತದೆ. ದಡಿ ಎರಡೂ ಅಂಚಿಗೆ ಮೇಲಿನಿಂದ ಕೆಳಗೆ ನೇರವಾಗಿ ಇಳಿಯುತ್ತದೆ, ಹೊಲಿದು ಮಾಡಿದರೂ ಅಷ್ಟು ಸೊಗಸು ಬರುವುದಿಲ್ಲ. ಇಳಕಲ್ಲಿನಲ್ಲಿ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಗೆರೆಯ ಹತ್ತಿರ ಕತ್ತರಿ ಆಡಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ಎರಡು ಇಂಚು ಬಿಟ್ಟು ಕತ್ತರಿಸಿ. ತೋಪು ತೆನಿ ಎಂಬ ವಿನ್ಯಾಸದ ಕೆಂಪು ಬಿಳಿಯ ಸೆರಗು ಉಳಿದರೆ ಅದನ್ನು ಮರದ ಪಟ್ಟಿಗೆ ಇಳಿಬಿಡಿ, ಒಂದು ಗೋಡೆ ತುಂಬುತ್ತದೆ. ಕಿಟಕಿ ಎಷ್ಟು ಅಗಲವೋ ಅದರ ಎರಡರಷ್ಟು ಬಟ್ಟೆ ಇದ್ದರೆ ನೆರಿಗೆ ತುಂಬಿ ಬರುತ್ತದೆ, ರಾಡ್ ಕಿಟಕಿಗಿಂತ ಎರಡೂ ಕಡೆ ಆರಾರು ಇಂಚು ಹೆಚ್ಚಿರಲಿ. ರಾಡ್ ತೂರಿಸಲು ಪರದೆಯ ಮೇಲಂಚಿಗೆ ಕೂರಿಸುವ ಐಲೆಟ್ ರಿಂಗುಗಳ ಸಂಖ್ಯೆ ಸಮ ಇರಲೇಬೇಕು. ಬೆಸವಾದರೆ ಒಂದು ಅಂಚು ಗೋಡೆಯ ಕಡೆಗೂ ಇನ್ನೊಂದು ಕೋಣೆಯ ಕಡೆಗೂ ತಿರುಗಿ, ಎಷ್ಟು ಎಳೆದು ಸರಿಮಾಡಿದರೂ ಪರದೆ ಓರೆಯಾಗಿಯೇ ಕಾಣುತ್ತದೆ. ರೇಷ್ಮೆ ಸೀರೆಯಾದರೆ ಹಿಂದೆ ಅಸ್ತರು ಕೊಡಿಸಿ, ಬಿಸಿಲಿಗೆ ರೇಷ್ಮೆ ಪುಡಿಯಾಗುತ್ತದೆ.

ದಿಂಬಿನ ಕವರಿಗೆ ಗುಳೇದಗುಡ್ಡದ ಖಣ. ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ, ಅಳತೆ ನೋಡಿಕೊಂಡೇ ಕೊಳ್ಳಿ. 16 ಇಂಚಿನ ಕವರಿನೊಳಗೆ 18 ಇಂಚಿನ ದಿಂಬು ತುರುಕಿದರೆ ಮೂಲೆಗಳು ತುಂಬಿ ನಿಲ್ಲುತ್ತವೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ತಿಳಿಬಣ್ಣದ ಸೋಫಾದ ಮೇಲೆ ಬೇಡ.

ನೆಲಕ್ಕೆ ನವಲಗುಂದದ ಜಮಖಾನ. ಟೈಲ್ಸಿನ ಮೇಲೆ ಜಾರುತ್ತದೆ, ಕೆಳಗೆ ರಬ್ಬರ್ ಜಾಲರಿ ಹಾಸಬೇಕು, ವಯರನ್ನು ಮಾತ್ರ ಎಂದೂ ಅದರ ಕೆಳಗೆ ಹಾಯಿಸಬಾರದು. ಮಳೆಗಾಲದ ಜೋಡಣೆಯಲ್ಲಿ ಮೊದಲು ಎತ್ತಿಡುವುದು ಇದನ್ನೇ. ಎರಡು ಬಿಸಿಲು ಕಾಯಿಸಿ, ಮಡಿಸದೆ ಸುರುಳಿ ಸುತ್ತಿಡಬೇಕು; ಮಡಿಸಿದ ಗೆರೆ ಆಮೇಲೆ ಹೋಗುವುದೇ ಇಲ್ಲ. ಆ ನಾಲ್ಕು ತಿಂಗಳು ಹೊರಗೋಡೆಗೆ ತಾಗಿದ ಸಾಮಾನನ್ನೆಲ್ಲ ಮೂರು ಇಂಚು ಮುಂದೆ ತರುತ್ತೇವೆ. ಗೋಡೆ ಕುಡಿದ ನೀರು ಒಳಮೈಯಲ್ಲಿ ತೇವವಾಗಿ ಕಾಣಿಸಿಕೊಳ್ಳುತ್ತದೆ. ಗಾಳಿಯಾಡಲು ಜಾಗವಿಲ್ಲದಿದ್ದರೆ ಕಪಾಟಿನ ಬೆನ್ನಿಗೆ ಬೂಷ್ಟು ಹಿಡಿದದ್ದು ದಸರೆಗೆ ಸರಿಸುವಾಗಲೇ ಗೊತ್ತಾಗುವುದು. ಮಂಗಳೂರು, ಉಡುಪಿ ಕಡೆಯವರು ಆರು ಇಂಚು ಬಿಟ್ಟರೂ ಹೆಚ್ಚಲ್ಲ.

ದಸರೆಯ ಗೊಂಬೆಗಳಿಗೆ ಐದು ಮೆಟ್ಟಿಲು ಎಂದಿಟ್ಟುಕೊಳ್ಳಿ. ಮೆಟ್ಟಿಲಿನ ಆಳ 9 ಇಂಚು, ಎತ್ತರ 8 ಇಂಚು. ಒಟ್ಟು ಬೇಕಾಗುವುದು ಮೂರು ಮುಕ್ಕಾಲು ಅಡಿ ಆಳ, ಮೇಲಿನ ಮೆಟ್ಟಿಲು 40 ಇಂಚಿಗೆ ಬರುತ್ತದೆ. ಟೀಪಾಯಿ, ಟ್ರಂಕು, ಕಟ್ಟಿದ ಪುಸ್ತಕಗಳ ಮೇಲೆ 19 ಮಿಲಿಮೀಟರ್ ಪ್ಲೈವುಡ್ ಹಲಗೆ ಇಡಬಹುದು. 4 ಅಡಿಯ ಹಲಗೆಗೆ ಎರಡು ತುದಿಯಲ್ಲಷ್ಟೇ ಆಸರೆ ಕೊಟ್ಟರೆ ಮಣ್ಣಿನ ಗೊಂಬೆಗಳ ಭಾರಕ್ಕೆ ನಡುವೆ ಬಾಗುತ್ತದೆ, ಮಧ್ಯದಲ್ಲೊಂದು ಆಸರೆ ಇರಲೇಬೇಕು. ಪಟ್ಟದ ಗೊಂಬೆಗಳು ಮೇಲೆ, ಭಾರದವು ಕೆಳಗೆ. ಬೆಳಕಿಗೆ 2700 ಅಥವಾ 3000 ಕೆಲ್ವಿನ್‌ನ ಎಲ್ಇಡಿ. 6500ರ ಬಿಳಿ ಬೆಳಕಿನಲ್ಲಿ ಕಿನ್ನಾಳದ ಬಣ್ಣವೂ, ಚನ್ನಪಟ್ಟಣದ ಅರಗಿನ ಹೊಳಪೂ ಸಪ್ಪೆಯಾಗುತ್ತವೆ. ವರ್ಷವಿಡೀ ಹಾಲ್‌ಗೆ ಇದೇ ಹಳದಿ ಬೆಳಕು ಸಾಕು. ಓದುವ ಮೂಲೆಗೆ ಮಾತ್ರ ಬೇರೆ ದೀಪ.

ಒಂದು ಗೋಡೆಗೆ ಬಣ್ಣ ಬದಲಿಸುವವರಿದ್ದಾರೆ. 100 ಚದರಡಿಗೆ ಎರಡು ಕೋಟ್ ಎಮಲ್ಷನ್ ಒಂದೂವರೆಯಿಂದ ಎರಡು ಲೀಟರ್ ಹಿಡಿಯುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಮಾಡಿ, ಹಳೆಯ ಬಣ್ಣದ ಶೇಡ್ ನಂಬರ್ ಬರೆದಿಟ್ಟುಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ನಾಲ್ಕು ದಿನ ಏನನ್ನೂ ಬಿಗಿಮಾಡುವುದಿಲ್ಲ. ಚಿತ್ರಗಳು ನೆಲದ ಮೇಲೆ ಗೋಡೆಗೆ ಒರಗಿರುತ್ತವೆ, ವಯರುಗಳಿಗೆ ಕ್ಲಿಪ್ ಹೊಡೆದಿರುವುದಿಲ್ಲ. ಬಂದವರು ಚಪ್ಪಲಿ ಬಿಟ್ಟು ಮೊದಲು ಯಾವ ಕುರ್ಚಿಗೆ ಹೋಗುತ್ತಾರೆ, ಕಾಫಿ ಲೋಟ ಇಡಲು ಯಾರ ಕೈ ಎಲ್ಲಿ ಹುಡುಕುತ್ತದೆ, ರಾತ್ರಿ ನೀರಿಗೆ ಎದ್ದವರ ಕಾಲು ಯಾವ ಮೂಲೆಗೆ ತಾಗುತ್ತದೆ ಎಂದು ನೋಡುತ್ತೇವೆ. ಹೆಚ್ಚಿನ ಸಲ ಟೀಪಾಯಿ ನಾಲ್ಕು ಇಂಚು ಸರಿಯುತ್ತದೆ, ಒಂದು ಕುರ್ಚಿ ಸ್ವಲ್ಪ ಓರೆಗೆ ತಿರುಗುತ್ತದೆ. ಐದನೆಯ ದಿನ ಗ್ರಾಫ್ ಹಾಳೆಯಲ್ಲಿ ಆ ಜಾಗವನ್ನೇ ಮತ್ತೆ ಬರೆದು, ತಾರೀಖು ಹಾಕಿ, ಚಿತ್ರಗಳನ್ನು ಪಟ್ಟಿಗೆ ಸಿಕ್ಕಿಸುತ್ತೇವೆ.